ಮೂಲೆ ಕೋಣೆಗೂ ವೈಫೈ ಬೇಕು: ಮೆಶ್ ತಗೊಳ್ಳೋದಾ, ರಿಪೀಟರ್ ಸಾಕಾ, ಇಲ್ಲ ಒಂದು ಕೇಬಲ್ ಎಳೆಸೋದಾ?

ಹಾಲ್‌ನಲ್ಲಿ ಕೂತರೆ ವೈಫೈ ಚೆನ್ನಾಗಿರುತ್ತದೆ. ಹಿಂದಿನ ರೂಮಿಗೆ ಹೋದ ಕೂಡಲೇ ವಿಡಿಯೋ ಸುತ್ತುವುದಕ್ಕೆ ಶುರು. ಮೇಲಿನ ಮಹಡಿಯಲ್ಲಂತೂ ಮೊಬೈಲ್ ಡೇಟಾನೇ ಗತಿ. ಈ ಕಷ್ಟ ಹೇಳಿಕೊಂಡು ಅಂಗಡಿಗೆ ಹೋದರೆ ಈಗ ಬರುವ ಉತ್ತರ ಒಂದೇ, ಮೆಶ್ ಹಾಕಿಸಿ ಅಂತ, ಅಂದರೆ ಎರಡು ಮೂರು ಡಬ್ಬಿ ಸೇರಿ ಮನೆಗೆಲ್ಲ ಒಂದೇ ವೈಫೈ ಮಾಡುವುದು. ಆದರೆ ಪಕ್ಕದಲ್ಲೇ ವೈಫೈ ಹಿಡಿದು ಮುಂದಕ್ಕೆ ಬಿಡುವ ಒಂದೂವರೆ ಸಾವಿರದ ರಿಪೀಟರ್ ಕೂಡ ಕಾಣುತ್ತದೆ. ಮನೆಯಲ್ಲಿ ಹಳೆಯ ರೂಟರ್ ಒಂದು ಸುಮ್ನೆ ಬಿದ್ದಿರುತ್ತದೆ. ಯಾವುದು ಸರಿ ಅಂತ ತಲೆ ಕೆಡುವುದು ಸಹಜ ಅಲ್ವಾ?

ನಾನು ಎರಡು ಮನೆಗಳಿಗೆ ಈ ಕೆಲಸ ಮಾಡಿದ್ದೇನೆ. ಒಂದು ಬೆಂಗಳೂರಿನ ನಮ್ಮ ಮನೆ, 30×40 ಸೈಟಿನಲ್ಲಿ ಕೆಳಗೊಂದು ಮೇಲೆರಡು ಮಹಡಿ. ಇನ್ನೊಂದು ತೀರ್ಥಹಳ್ಳಿ ಕಡೆ ಅಮ್ಮ ಇರುವ ಹಳೆಯ ಹಂಚಿನ ಮನೆ. ಒಂದು ಕಡೆ ಕೇಬಲ್ ಗೆದ್ದಿತು, ಇನ್ನೊಂದು ಕಡೆ ಮೆಶ್. ಡಬ್ಬಿಯ ಮೇಲಿನ ನಂಬರಿಗಿಂತ ಮನೆಯ ಗೋಡೆ ಎಂಥದ್ದು, ಅದನ್ನು ದಾಟಿ ಒಂದು ಕೇಬಲ್ ಹೋಗುತ್ತದೋ ಇಲ್ಲವೋ ಅನ್ನುವುದೇ ಇಲ್ಲಿ ಮುಖ್ಯ.

ದುಡ್ಡು ಹಾಕುವ ಮೊದಲು ನೋಡಬೇಕಾದ್ದು

ಮೊದಲ ಕೆಲಸ, ತೊಂದರೆ ವೈಫೈನದ್ದೋ ಇಂಟರ್ನೆಟ್‌ನದ್ದೋ ಅಂತ ತಿಳಿದುಕೊಳ್ಳುವುದು. ಇಂಟರ್ನೆಟ್ ಕನೆಕ್ಷನ್ ಜೊತೆ ಬಂದ ಫೈಬರ್ ಬಾಕ್ಸ್ ಪಕ್ಕದಲ್ಲೇ ನಿಂತು ಸ್ಪೀಡ್ ಟೆಸ್ಟ್ ಮಾಡಿ. ಲ್ಯಾಪ್‌ಟಾಪ್ ಇದ್ದರೆ ಲ್ಯಾನ್ ಕೇಬಲ್ ಚುಚ್ಚಿ ನೋಡಿ, ಇನ್ನೂ ಒಳ್ಳೆಯದು. ಅಲ್ಲೂ ನಿಧಾನ ಅಂದರೆ ಎಷ್ಟು ಮೆಶ್ ತಂದರೂ ಉಪಯೋಗವಿಲ್ಲ. ಲೈನ್ ಸರಿಮಾಡಿಸಬೇಕು, ಇಲ್ಲವೇ ಪ್ಲಾನ್ ಬದಲಿಸಬೇಕು.

ಆಮೇಲೆ ಗೋಡೆ. 2.4 ಗಿಗಾಹರ್ಟ್ಸ್ ಸಿಗ್ನಲ್ ನಿಧಾನ, ಆದರೆ ಗೋಡೆ ದಾಟುತ್ತದೆ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಗೋಡೆ ಕಂಡರೆ ಸೋಲುತ್ತದೆ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಒಂದೆರಡಿದ್ದರೆ ಪರವಾಗಿಲ್ಲ. ಕಬ್ಬಿಣ ತುಂಬಿದ ಆರ್‌ಸಿಸಿ ಮೋಲ್ಡ್, ಕರಾವಳಿಯ ಮುರಕಲ್ಲಿನ ಗೋಡೆ, ಸೈಜುಗಲ್ಲಿನ ಗೋಡೆ, ಮಲೆನಾಡಿನ ದಪ್ಪ ಮಣ್ಣಿನ ಗೋಡೆ, ಇವೆಲ್ಲ ಸಿಗ್ನಲ್ಲನ್ನು ನುಂಗಿಬಿಡುತ್ತವೆ. ಸ್ಟೀಲ್ ಬೀರು, ದೊಡ್ಡ ಕನ್ನಡಿ, ನೀರಿನ ಟ್ಯಾಂಕ್ ಕೂಡ ಹಾಗೇ.

ಇದನ್ನು ಊಹೆಯ ಮೇಲೆ ಬಿಡಬೇಡಿ, ಅಳೆಯಿರಿ. ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅನಲೈಸರ್ ಥರದ ಯಾವುದಾದರೂ ಉಚಿತ ಆ್ಯಪ್ ಹಾಕಿಕೊಂಡು ಮನೆ ತುಂಬ ಓಡಾಡಿ. ಸಿಗ್ನಲ್ ಡಿಬಿಎಂ ಲೆಕ್ಕದಲ್ಲಿ ಮೈನಸ್ ಸಂಖ್ಯೆಯಾಗಿ ಕಾಣುತ್ತದೆ. −50ರ ಆಸುಪಾಸು ಅಂದರೆ ಭರ್ಜರಿ. −67ರವರೆಗೆ ವಿಡಿಯೋ ಕಾಲ್‌ಗೆ ತೊಂದರೆಯಿಲ್ಲ. −75 ದಾಟಿದರೆ ತೊದಲುತ್ತದೆ, −80ರಲ್ಲಿ ಹೆಸರಿಗಷ್ಟೇ ವೈಫೈ. ಅಮ್ಮನ ಮನೆಯಲ್ಲಿ ಜಗಲಿಯಲ್ಲಿ −41 ಇತ್ತು. ನಡುಮನೆಗೆ ಕಾಲಿಟ್ಟರೆ −60. ದೇವರ ಕೋಣೆ ದಾಟಿ ಅಡುಗೆಮನೆಯ ಬಾಗಿಲಿಗೆ ಬರುವಷ್ಟರಲ್ಲಿ −79. ಅಮ್ಮ ದಿನದಲ್ಲಿ ಹೆಚ್ಚು ಹೊತ್ತು ಇರುವುದು ಆ ಅಡುಗೆಮನೆಯಲ್ಲೇ. "ನಿನ್ನ ಮುಖ ಕಾಣ್ತದೆ, ಮಾತು ಕೇಳೂದಿಲ್ಲ" ಅಂತ ಅವರು ಯಾಕೆ ಹೇಳುತ್ತಿದ್ದರು ಅಂತ ಆವತ್ತು ಗೊತ್ತಾಯಿತು.

ಮೂರನೆಯದು ಕೇಬಲ್. ಸ್ವಂತ ಮನೆಯಾ, ಬಾಡಿಗೆಯಾ? ಗೋಡೆಯೊಳಗೆ ಟಿವಿ ಅಥವಾ ಫೋನ್ ವೈರಿಗೆ ಅಂತ ಬಿಟ್ಟ ಖಾಲಿ ಪೈಪ್ ಇದೆಯಾ? ಕಿಟಕಿಯಿಂದ ಹೊರಗೆ ಇಳಿಸಿ ಕೆಳಗಿನ ಕಿಟಕಿಗೆ ತರಬಹುದಾ? ಓನರ್ ಗೋಡೆ ಕೊರೆಯೋಕೆ ಬಿಡುತ್ತಾರಾ? ಈ ಪ್ರಶ್ನೆಗಳಿಗೆ ಸಿಗುವ ಉತ್ತರದಿಂದಲೇ ಅರ್ಧ ತೀರ್ಮಾನ ಆಗಿಬಿಡುತ್ತದೆ.

ನಾಲ್ಕನೆಯದು, ಆ ಮೂಲೆಯಲ್ಲಿ ಏನು ಕೆಲಸ? ಕೂತಲ್ಲೇ ಕೂತು ಟಿವಿ ನೋಡುವುದಾ, ಇಲ್ಲ ಫೋನ್ ಹಿಡಿದು ಮನೆ ತುಂಬ ಓಡಾಡಿಕೊಂಡು ಮೀಟಿಂಗಾ? ನೆಟ್‌ಫ್ಲಿಕ್ಸ್ 4ಕೆಗೆ ಕೇಳುವುದು 15 ಎಂಬಿಪಿಎಸ್. ಒಬ್ಬರ ವಿಡಿಯೋ ಕಾಲ್‌ಗೆ ನಾಲ್ಕೈದು ಎಂಬಿಪಿಎಸ್ ಸಾಕು. ಮೂಲೆ ರೂಮಿನಲ್ಲಿ ಗಟ್ಟಿಯಾಗಿ 30 ಎಂಬಿಪಿಎಸ್ ಸಿಕ್ಕರೆ ಹೆಚ್ಚಿನ ಮನೆಗಳ ಕೆಲಸ ನಡೆದುಹೋಗುತ್ತದೆ. 40 ಎಂಬಿಪಿಎಸ್ ಪ್ಲಾನ್ ಇಟ್ಟುಕೊಂಡು ಗಿಗಾಬಿಟ್ ವೇಗದ ಮೆಶ್‌ಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ.

ಕೊನೆಗೆ ಕರೆಂಟ್. ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಮುಂದೆ ಹೇಳುತ್ತೇನೆ.

ಖರ್ಚಿಲ್ಲದ ದಾರಿ: ಬಾಕ್ಸ್ ಜಾಗ ಬದಲಿಸುವುದು

ನಮ್ಮ ಮನೆಗಳಲ್ಲಿ ಫೈಬರ್ ಬಾಕ್ಸ್ ಎಲ್ಲಿರುತ್ತದೆ ನೋಡಿ. ಕೇಬಲ್ ಎಲ್ಲಿಂದ ಒಳಗೆ ಬಂತೋ ಅಲ್ಲೇ, ಮುಂಬಾಗಿಲ ಮೇಲೆ. ಹಾಕಲು ಬಂದವರಿಗೆ ಅದು ಸುಲಭ. ನಮ್ಮಲ್ಲೂ ಹಾಗೇ ಆಗಿತ್ತು, ಸ್ಟೀಲ್ ಬೀರುವಿನ ಹಿಂದೆ, ರಸ್ತೆ ಕಡೆಯ ಗೋಡೆಗೆ. ಅರ್ಧ ಸಿಗ್ನಲ್ ರಸ್ತೆಗೆ ಹೋಗುತ್ತಿತ್ತು.

ಬಾಕ್ಸನ್ನು ಮನೆಯ ನಡುವೆ, ಎದೆಯೆತ್ತರಕ್ಕಿಂತ ಮೇಲೆ, ಸುತ್ತ ತೆರಪಿರುವ ಕಡೆ ತಂದರೆ ಎರಡು ರೂಮಿನ ಮನೆಗೆ ಬೇರೇನೂ ಬೇಡ. ಟೆಕ್ನಿಷಿಯನ್ ಬಂದು ಒಳಗಿನ ಫೈಬರ್ ಉದ್ದ ಮಾಡಿಕೊಡುತ್ತಾರೆ, ಸಣ್ಣ ಚಾರ್ಜ್ ಇರಬಹುದು. ಫೈಬರನ್ನು ಮೂಲೆಯಲ್ಲಿ ಚೂಪಾಗಿ ಮಡಿಸದಂತೆ ನೋಡಿಕೊಳ್ಳಿ, ಒಳಗಿನ ಗಾಜಿನ ಎಳೆ ತಡೆಯುವುದಿಲ್ಲ. ಅಪಾರ್ಟ್‌ಮೆಂಟ್ ಆದರೆ ಇನ್ನೊಂದು ಕೆಲಸ ಇದೆ. ಅಕ್ಕಪಕ್ಕದ ಹತ್ತಾರು ವೈಫೈಗಳು 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ. ಚಾನೆಲ್ 1, 6, 11 ಈ ಮೂರರಲ್ಲಿ ಯಾವುದು ಖಾಲಿ ಇದೆಯೋ ಅದಕ್ಕೆ ಬದಲಿಸಿ. ಅದೇ ಅನಲೈಸರ್ ಆ್ಯಪ್‌ನಲ್ಲಿ ಇದೂ ಕಾಣುತ್ತದೆ.

ಇಷ್ಟು ಮಾಡಿಯೂ ಮೂಲೆ ರೂಮಿನಲ್ಲಿ −75ಕ್ಕಿಂತ ಕೆಟ್ಟದಾಗಿದ್ದರೆ ಮುಂದೆ ಓದಿ.

ರಿಪೀಟರ್: ಅಗ್ಗ, ಆದರೆ ಅರ್ಧ ವೇಗ

ಪ್ಲಗ್ಗಿಗೆ ಚುಚ್ಚುವ ಪುಟ್ಟ ಡಬ್ಬಿ. ಸುಮಾರು ಒಂದೂವರೆಯಿಂದ ಮೂರು ಸಾವಿರ ರೂಪಾಯಿ. ಬಾಕ್ಸಿನ ವೈಫೈ ಹಿಡಿದು ಮತ್ತೆ ಬಿಡುತ್ತದೆ. ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ಹೇಳಬೇಕಾದ್ದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಮನೆಯಲ್ಲಿ ಮೊದಲು ತಂದದ್ದು ಇದನ್ನೇ. ಮೊದಲ ಮಹಡಿಯಲ್ಲಿ ಚುಚ್ಚಿದೆವು. ಫೋನಿನಲ್ಲಿ ಫುಲ್ ಸಿಗ್ನಲ್ ತೋರಿಸುತ್ತಿತ್ತು, ಸ್ಪೀಡ್ ಟೆಸ್ಟ್ ಮಾಡಿದರೆ 100 ಎಂಬಿಪಿಎಸ್ ಪ್ಲಾನಿನಲ್ಲಿ 18 ಬರುತ್ತಿತ್ತು. ಫೋನ್ ತೋರಿಸುವ ಕಡ್ಡಿಗಳು ರಿಪೀಟರ್‌ಗೂ ಫೋನಿಗೂ ನಡುವಿನ ಸಿಗ್ನಲ್. ರಿಪೀಟರ್‌ಗೂ ಬಾಕ್ಸಿಗೂ ನಡುವೆ ಏನಿದೆ ಅನ್ನುವುದು ಅಲ್ಲಿ ಕಾಣುವುದೇ ಇಲ್ಲ.

ಜಾಸ್ತಿ ಜನ ಮಾಡುವ ತಪ್ಪು, ಸಿಗ್ನಲ್ ಇಲ್ಲದ ರೂಮಿನಲ್ಲೇ ಇದನ್ನು ಚುಚ್ಚುವುದು. ಅದಕ್ಕೇ ಸಿಗ್ನಲ್ ಸಿಗದಿದ್ದರೆ ನಮಗೆ ಏನು ಕೊಟ್ಟೀತು? ಬಾಕ್ಸಿಗೂ ಆ ರೂಮಿಗೂ ನಡುವೆ, −60 ಆಸುಪಾಸು ಇರುವ ಕಡೆ ಹಾಕಬೇಕು. 5 ಗಿಗಾಹರ್ಟ್ಸ್ ಕೂಡ ಇರುವ ಡ್ಯುಯಲ್ ಬ್ಯಾಂಡ್ ಮಾದರಿಯನ್ನೇ ತಗೊಳ್ಳಿ. ಬರೀ 2.4ರ 'ಎನ್300' ರಿಪೀಟರ್ ಈಗ ಕೊಳ್ಳುವಂಥದ್ದಲ್ಲ.

ಇನ್ನೊಂದು ಕಿರಿಕಿರಿ, ಹಲವು ರಿಪೀಟರ್‌ಗಳು ಬೇರೆ ಹೆಸರಿನ ವೈಫೈ ಮಾಡುತ್ತವೆ. ಮಹಡಿ ಹತ್ತಿದಾಗ ನೀವೇ ಬದಲಿಸಬೇಕು. ಹಾಗಾಗಿ ರಿಪೀಟರ್ ಯಾರಿಗೆ ಅಂದರೆ, ಬಾಡಿಗೆ ಮನೆಯಲ್ಲಿ ಇರುವವರಿಗೆ, ಒಂದೇ ಒಂದು ರೂಮಿನ ತೊಂದರೆ ಇರುವವರಿಗೆ, ಆ ರೂಮಿನಲ್ಲಿ ವಾಟ್ಸ್ಆ್ಯಪ್, ಯೂಟ್ಯೂಬ್ ಅಷ್ಟೇ ನಡೆಯುವುದಾದರೆ.

ಕೇಬಲ್ ಮತ್ತು ಎರಡನೇ ರೂಟರ್: ನನ್ನ ಮೊದಲ ಆಯ್ಕೆ

ಬೆಂಗಳೂರಿನ ಮನೆಗೆ ಕೊನೆಗೆ ಮಾಡಿದ್ದು ಇದು. ಕೆಳಗಿನ ಬಾಕ್ಸಿನಿಂದ ಎರಡನೇ ಮಹಡಿಗೆ ಒಂದು ಕ್ಯಾಟ್ 6 ದರ್ಜೆಯ ಲ್ಯಾನ್ ಕೇಬಲ್, ಅದರ ತುದಿಗೆ ಬೀರುವಿನಲ್ಲಿ ಬಿದ್ದಿದ್ದ ಹಳೆಯ ರೂಟರ್. ಮೆಟ್ಟಿಲ ಪಕ್ಕದ ಟಿವಿ ಕೇಬಲ್ ಪೈಪಿನಲ್ಲೇ ಎಲೆಕ್ಟ್ರಿಷಿಯನ್ ಸ್ಪ್ರಿಂಗ್ ತೂರಿಸಿ ಎಳೆದುಕೊಟ್ಟರು. ಸುಮಾರು 22 ಮೀಟರ್ ಕೇಬಲ್, ಅವರ ಕೂಲಿ, ಎಲ್ಲಾ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ರಿಪೀಟರ್‌ನಲ್ಲಿ 18 ಬರುತ್ತಿದ್ದ ರೂಮಿನಲ್ಲಿ ಈಗ 94 ಬರುತ್ತದೆ.

94 ಯಾಕೆ ಅಂದರೆ, ಆ ಹಳೆಯ ರೂಟರ್‌ನ ಪೋರ್ಟ್ 100 ಎಂಬಿಪಿಎಸ್‌ನದ್ದು. ನಮ್ಮ ಪ್ಲಾನಿಗೆ ಸಾಕು. ನಿಮ್ಮದು 200, 300 ಎಂಬಿಪಿಎಸ್ ಪ್ಲಾನ್ ಆದರೆ ಗಿಗಾಬಿಟ್ ಪೋರ್ಟ್ ಇರುವ ರೂಟರ್ ಬೇಕೇ ಬೇಕು. ಹೊಸದಾಗಿ ತಗೊಳ್ಳುವಾಗ ಡಬ್ಬಿಯ ಮೇಲೆ '10/100' ಇದೆಯೋ '10/100/1000' ಇದೆಯೋ ಅಂತ ನೋಡಿ. ದೊಡ್ಡ ಅಕ್ಷರದಲ್ಲಿ 'ಎಸಿ1200' ಅಂತ ಬರೆದಿರುತ್ತಾರೆ. ಅದು 2.4ರ 300 ಮತ್ತು 5ರ 867 ಕೂಡಿಸಿ ಮೇಲಕ್ಕೆ ಏರಿಸಿದ ಲೆಕ್ಕ. ಪೋರ್ಟ್ 100ರದ್ದಾದರೆ ಅದಕ್ಕಿಂತ ಜಾಸ್ತಿ ಇಂಟರ್ನೆಟ್ ಅದರ ಮೂಲಕ ಬರುವುದಿಲ್ಲ.

ರೂಟರ್ ಸೆಟ್ಟಿಂಗ್‌ನಲ್ಲಿ 'ಆ್ಯಕ್ಸೆಸ್ ಪಾಯಿಂಟ್ ಮೋಡ್' (ರೂಟರ್ ಕೆಲಸ ಬಿಟ್ಟು ಬರೀ ವೈಫೈ ಕೊಡುವುದು) ಇದ್ದರೆ ಅದನ್ನು ಆರಿಸಿದರೆ ಆಯಿತು. ಇಲ್ಲದಿದ್ದರೆ ಡಿಎಚ್‌ಸಿಪಿ (ಫೋನುಗಳಿಗೆ ಐಪಿ ವಿಳಾಸ ಹಂಚುವ ಸೌಲಭ್ಯ) ಆಫ್ ಮಾಡಿ, ರೂಟರ್‌ನ ಐಪಿ ವಿಳಾಸವನ್ನು ಬಾಕ್ಸಿನದ್ದಕ್ಕಿಂತ ಬೇರೆ ಮಾಡಿ (ಬಾಕ್ಸ್ 192.168.1.1 ಆದರೆ ಇದಕ್ಕೆ 192.168.1.2), ಕೇಬಲನ್ನು ಇಂಟರ್ನೆಟ್ ಬರುವ ವ್ಯಾನ್ (WAN) ಪೋರ್ಟ್ ಬಿಟ್ಟು ಲ್ಯಾನ್ ಪೋರ್ಟಿಗೆ ಚುಚ್ಚಿ. ವೈಫೈ ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇಡಿ, ಚಾನೆಲ್ ಮಾತ್ರ ಬೇರೆ.

ಕೇಬಲ್ ವಿಷಯದಲ್ಲಿ ಒಂದು ಎಚ್ಚರಿಕೆ. ತೀರಾ ಅಗ್ಗದ ಕ್ಯಾಟ್ 6ರಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಇರುತ್ತದೆ, ಸಿಸಿಎ ಅನ್ನುತ್ತಾರೆ. ಪೂರ್ತಿ ತಾಮ್ರದ್ದನ್ನೇ ಕೇಳಿ ತಗೊಳ್ಳಿ. ಗೋಡೆಯೊಳಗೆ ಹೋದ ಮೇಲೆ ಬದಲಿಸುವುದು ಕಷ್ಟ. ಕ್ಯಾಟ್ 5ಇ ಕೂಡ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ, ಈಗಾಗಲೇ ಇದ್ದರೆ ಕಿತ್ತು ಹಾಕಬೇಡಿ. ಕರೆಂಟ್ ವೈರ್ ಇರುವ ಪೈಪಿನಲ್ಲಿ ಮಾತ್ರ ಇದನ್ನು ಹಾಕಿಸಬೇಡಿ, ಅದು ಅಪಾಯ.

ಕೊರತೆಯೂ ಇದೆ. ಮೆಟ್ಟಿಲು ಹತ್ತುತ್ತಾ ವಿಡಿಯೋ ಕಾಲ್‌ನಲ್ಲಿ ಮಾತಾಡಿದರೆ ನಡುವೆ ಒಂದೆರಡು ಸೆಕೆಂಡ್ ಕಡಿಯುತ್ತದೆ. ಫೋನು ಹಳೆಯ ಸಿಗ್ನಲ್ಲನ್ನೇ ಕಚ್ಚಿಕೊಂಡು, ತೀರಾ ಸೋತ ಮೇಲೆ ಬಿಡುತ್ತದೆ. ನಮಗೆ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ಮೇಲೆ ಕೆಲಸ ಮಾಡುವವರು ಮೇಲೇ ಕೂರುತ್ತೇವೆ.

ಹೊಸ ಮನೆ ಕಟ್ಟಿಸುತ್ತಿದ್ದೀರಾ? ದಯವಿಟ್ಟು ಪ್ಲಾಸ್ಟರ್ ಆಗುವ ಮೊದಲೇ ಪ್ರತಿ ಮಹಡಿಗೆ ಒಂದು ಖಾಲಿ ಪೈಪ್ ಬಿಡಿಸಿ, ಬಾಕ್ಸ್ ಇಡುವ ಜಾಗದಿಂದ. ಆಗ ಅದಕ್ಕೆ ಆಗುವ ಖರ್ಚು ಏನೂ ಅಲ್ಲ. ಈ ಲೇಖನದಿಂದ ಒಂದೇ ಮಾತು ತಗೊಳ್ಳುವುದಾದರೆ ಇದನ್ನು ತಗೊಳ್ಳಿ.

ಮೆಶ್: ಕೇಬಲ್ ಹೋಗದ ಕಡೆ

ಮೆಶ್ ಅಂದರೆ ಎರಡು ಮೂರು ಡಬ್ಬಿಗಳು ಸೇರಿ ಒಂದೇ ಹೆಸರಿನ ವೈಫೈ ಮಾಡುವುದು. ಒಂದು ಬಾಕ್ಸಿಗೆ ಕೇಬಲ್‌ನಲ್ಲಿ ಸೇರುತ್ತದೆ, ಉಳಿದವು ಗಾಳಿಯಲ್ಲೇ ಅದರ ಜೊತೆ ಮಾತಾಡುತ್ತವೆ. ರಿಪೀಟರ್‌ಗಿಂತ ಇದು ಎಲ್ಲಿ ಮೇಲು ಅಂದರೆ, ಡಬ್ಬಿಗಳಿಗೆ ಒಂದರ ಬಗ್ಗೆ ಇನ್ನೊಂದಕ್ಕೆ ಗೊತ್ತಿರುತ್ತದೆ. ನೀವು ನಡೆಯುತ್ತಾ ಹೋದಂತೆ ಫೋನನ್ನು ಹತ್ತಿರದ ಡಬ್ಬಿಗೆ ದಾಟಿಸಲು ನೆರವಾಗುತ್ತವೆ. ಸ್ಪೆಕ್‌ನಲ್ಲಿ 802.11ಕೆ, ವಿ, ಆರ್ ಅಂತ ಕಾಣುವುದು ಇದೇ. ದಾಟಬೇಕೋ ಬೇಡವೋ ಅನ್ನುವ ಕೊನೆಯ ನಿರ್ಧಾರ ಫೋನಿನದ್ದೇ, ಆದರೂ ವ್ಯತ್ಯಾಸ ಗೊತ್ತಾಗುತ್ತದೆ.

ಗಾಳಿಯಲ್ಲಿ ಡಬ್ಬಿಗಳು ಮಾತಾಡುವ ದಾರಿಗೆ ಬ್ಯಾಕ್‌ಹಾಲ್ ಅನ್ನುತ್ತಾರೆ. ಮೆಶ್‌ನ ಗುಟ್ಟೆಲ್ಲ ಅಲ್ಲಿದೆ. ಅಗ್ಗದ ಡ್ಯುಯಲ್ ಬ್ಯಾಂಡ್ ಮೆಶ್‌ನಲ್ಲಿ ನಿಮ್ಮ ಫೋನೂ ಬ್ಯಾಕ್‌ಹಾಲೂ ಒಂದೇ 5 ಗಿಗಾಹರ್ಟ್ಸ್ ಹಂಚಿಕೊಳ್ಳಬೇಕು. ಹಾಗಾಗಿ ರಿಪೀಟರ್‌ನಂತೆ ಇಲ್ಲೂ ವೇಗ ಇಳಿಯುತ್ತದೆ. ಮೂರು ಡಬ್ಬಿಗಳನ್ನು ಸಾಲಾಗಿ ಇಟ್ಟರೆ ಮೂರನೆಯದರಲ್ಲಿ ಇನ್ನೂ ಇಳಿಯುತ್ತದೆ. ಟ್ರೈ ಬ್ಯಾಂಡ್‌ನಲ್ಲಿ ಬ್ಯಾಕ್‌ಹಾಲ್‌ಗೆ ಬಳಸಲು ಇನ್ನೊಂದು ರೇಡಿಯೋ ಇರುತ್ತದೆ, ಬೆಲೆಯೂ ಏರುತ್ತದೆ. ನನ್ನ ಅಭಿಪ್ರಾಯ ಹೀಗೆ: 100 ಎಂಬಿಪಿಎಸ್‌ವರೆಗಿನ ಪ್ಲಾನಿಗೆ ವೈಫೈ 6ರ (ವೈಫೈ 5ರ ನಂತರದ ತಲೆಮಾರು) ಡ್ಯುಯಲ್ ಬ್ಯಾಂಡ್ ಸಾಕು. 300 ದಾಟಿದ ಪ್ಲಾನ್ ಇದ್ದು, ದೂರದ ರೂಮಿನಲ್ಲೂ ಪೂರ್ತಿ ವೇಗ ಬೇಕು ಅಂದರೆ ಟ್ರೈ ಬ್ಯಾಂಡ್ ನೋಡಿ. ಅಷ್ಟು ದುಡ್ಡು ಕೊಡುವ ಮೊದಲು ಕೇಬಲ್ ದಾರಿ ಇಲ್ಲವೇ ಇಲ್ಲವಾ ಅಂತ ಮತ್ತೊಮ್ಮೆ ಹುಡುಕಿ. ಈಗಿನ ಹೆಚ್ಚಿನ ಮೆಶ್‌ಗಳನ್ನು ಕೇಬಲ್‌ನಲ್ಲೂ ಸೇರಿಸಬಹುದು. ಮೆಶ್ ಮತ್ತು ಕೇಬಲ್ ಎರಡೂ ಕೂಡಿದರೆ ಅದಕ್ಕಿಂತ ಚೆನ್ನಾದ ವ್ಯವಸ್ಥೆ ಮನೆಗೆ ಬೇರೆ ಇಲ್ಲ.

ಬೆಲೆ ನೋಡಿದರೆ ಎರಡು ಡಬ್ಬಿಯ ವೈಫೈ 5 ಮೆಶ್ ಸುಮಾರು ಆರರಿಂದ ಒಂಬತ್ತು ಸಾವಿರ. ವೈಫೈ 6ರದ್ದು ಅದಕ್ಕಿಂತ ಮೇಲೆ, ಮೂರು ಡಬ್ಬಿ ಆದರೆ ಹನ್ನೆರಡು ಸಾವಿರ ದಾಟುತ್ತದೆ. ಇಲ್ಲೂ ಪೋರ್ಟ್ ನೋಡಿ. ಟಿಪಿ-ಲಿಂಕ್‌ನ ಡೆಕೊ ಇ4ಗೆ 100 ಎಂಬಿಪಿಎಸ್ ಪೋರ್ಟ್, ಡೆಕೊ ಎಂ4ಗೆ ಗಿಗಾಬಿಟ್. ಎರಡೂ ಎಸಿ1200, ನೋಡಲು ಒಂದೇ ಥರ. ಒಂದು ಕಂಪನಿಯ ಮೆಶ್ ಇನ್ನೊಂದರ ಜೊತೆ ಸಾಮಾನ್ಯವಾಗಿ ಸೇರುವುದಿಲ್ಲ ಅನ್ನುವುದೂ ನೆನಪಿರಲಿ. ಈಸಿಮೆಶ್ ಅಂತ 2018ರಲ್ಲಿ ಎಲ್ಲರಿಗೂ ಒಂದೇ ಮಾನದಂಡ ತಂದರು, ಆದರೂ ಒಂದೇ ಕಂಪನಿಯದ್ದನ್ನು ತಗೊಳ್ಳುವುದೇ ಕ್ಷೇಮ.

ಅಮ್ಮನ ಮನೆಯಲ್ಲಿ ಕೇಬಲ್ ಎಳೆಯುವುದಕ್ಕೆ ಆಗಲಿಲ್ಲ ಅಂತಲ್ಲ. ಅಟ್ಟದ ಮೇಲೆ ಎಳೆದರೆ ಇಲಿ ಕಡಿಯುತ್ತದೆ, ಸರಿಮಾಡಲು ನಾನು ಅಲ್ಲಿರುವುದಿಲ್ಲ. ಅದಕ್ಕೇ ಎರಡು ಡಬ್ಬಿಯ ಮೆಶ್ ಹಾಕಿದೆ. ಮೊದಲನೆಯದು ಜಗಲಿಯಲ್ಲಿ ಬಾಕ್ಸ್ ಪಕ್ಕ. ಎರಡನೆಯದನ್ನು ನೇರ ಅಡುಗೆಮನೆಯಲ್ಲಿ ಇಟ್ಟೆ, ಸುಮಾರಾಗಿ ಬಂತು. ಆಮೇಲೆ ನಡುಮನೆಯ ಬಾಗಿಲಿಗೆ ಎದುರಾಗಿ ಇರುವ ಗೂಡಿನಲ್ಲಿ ಇಟ್ಟು ನೋಡಿದೆ. ಜಗಲಿಯ ಡಬ್ಬಿಗೆ ಬಾಗಿಲ ಮೂಲಕ ನೇರ ದಾರಿ ಸಿಕ್ಕಿತು, ಗೋಡೆ ಅಡ್ಡ ಬರಲಿಲ್ಲ. ಮೆಶ್ ಹಾಕುವ ಮೊದಲು ಅಡುಗೆಮನೆಯ ಬಾಗಿಲಲ್ಲಿ −79 ಇದ್ದದ್ದು −58 ಆಯಿತು. ಡಬ್ಬಿ ಎಲ್ಲಿಡುತ್ತೇವೆ ಅನ್ನುವುದರಿಂದಲೂ ವ್ಯತ್ಯಾಸ ಆಗುತ್ತದೆ. ದಪ್ಪ ಗೋಡೆಯ ಮನೆಯಲ್ಲಿ ಮೆಶ್ ಇಡುವಾಗ ಬಾಗಿಲುಗಳ ಸಾಲು ನೋಡಿ ಇಡಿ.

ದೂರದಲ್ಲಿರುವ ಅಪ್ಪ ಅಮ್ಮನಿಗೆ ಮೆಶ್ ಕೊಡಿಸುವುದರಲ್ಲಿ ಇನ್ನೊಂದು ಲಾಭ ಇದೆ. ಕಂಪನಿಯ ಆ್ಯಪ್ ನಮ್ಮ ಫೋನಿನಲ್ಲಿರುತ್ತದೆ. ಅಲ್ಲಿ ಏನಾಗಿದೆ, ಯಾವ ಡಬ್ಬಿ ಆಫ್ ಆಗಿದೆ ಅಂತ ಇಲ್ಲಿಂದಲೇ ನೋಡಬಹುದು, ರೀಸ್ಟಾರ್ಟ್ ಮಾಡಬಹುದು. ನನಗೆ ಇದೊಂದಕ್ಕೇ ಕೊಟ್ಟ ದುಡ್ಡು ದಕ್ಕಿತು ಅನ್ನಿಸಿದೆ.

ಹಾಕುವಾಗ ಮೆಶ್ಶನ್ನೂ ಆ್ಯಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಇಡಿ, ಇಲ್ಲವೇ ಬಾಕ್ಸನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಆಗ ರೂಟರ್ ಕೆಲಸವನ್ನು ಮೆಶ್ಶೇ ಮಾಡುತ್ತದೆ. ಬ್ರಿಡ್ಜ್ ಮೋಡ್ ಆದರೆ ಕನೆಕ್ಷನ್ ಕೊಟ್ಟವರಿಂದ ಪಿಪಿಪಿಒಇ (ಕನೆಕ್ಷನ್ನಿಗೆ ಲಾಗಿನ್ ಆಗುವ ವಿಧಾನ) ಹೆಸರು, ಪಾಸ್‌ವರ್ಡ್ ಕೇಳಿ ಇಟ್ಟುಕೊಳ್ಳಬೇಕಾಗಬಹುದು. ಎರಡೂ ರೂಟರ್ ಆಗಿ ಕೂತರೆ ಕೆಲವು ಗೇಮ್, ಸಿಸಿ ಕ್ಯಾಮೆರಾಗಳು ತಕರಾರು ಮಾಡುತ್ತವೆ. ಬಾಕ್ಸಿನ ಹಳೆಯ ವೈಫೈ ಆಫ್ ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಫೋನು ಅದನ್ನೇ ಹಿಡಿದು ಕೂರುತ್ತದೆ.

ಪವರ್‌ಲೈನ್ ಅಡಾಪ್ಟರ್ ಅಂತ ಇನ್ನೊಂದಿದೆ, ಕರೆಂಟ್ ವೈರಿನಲ್ಲೇ ಇಂಟರ್ನೆಟ್ ಕಳಿಸುವುದು. ನಮ್ಮಲ್ಲಿ ಮೂರು ಫೇಸ್ ಇರುವ ಮನೆಗಳು, ಯುಪಿಎಸ್‌ಗೆ ಬೇರೆ ಲೈನ್ ಇರುವ ಮನೆಗಳು ಜಾಸ್ತಿ. ಎರಡು ಪ್ಲಗ್ ಒಂದೇ ಫೇಸ್‌ನಲ್ಲಿಲ್ಲದಿದ್ದರೆ ಇದನ್ನು ನಂಬುವ ಹಾಗಿಲ್ಲ. ಬಿಟ್ಟುಬಿಡಿ.

ಕರೆಂಟ್ ಹೋದಾಗ

ಬಾಕ್ಸ್ ಒಂದಕ್ಕೆ ಯುಪಿಎಸ್ ಇದ್ದರೆ ಸಾಕು ಅಂತ ಇದ್ದವರಿಗೆ ಮೆಶ್ ಬಂದ ಮೇಲೆ ಪ್ರತಿ ಡಬ್ಬಿಗೂ ಅದು ಬೇಕು. ಮನೆಯ ಇನ್ವರ್ಟರ್ ಲೈನ್ ಯಾವ ಪ್ಲಗ್‌ಗೆ ಇದೆ ನೋಡಿ ಜಾಗ ಆರಿಸಿ. ಇಲ್ಲದಿದ್ದರೆ ರೂಟರ್‌ಗೆ ಅಂತಲೇ ಬರುವ 12 ವೋಲ್ಟ್ ಮಿನಿ ಯುಪಿಎಸ್ ಸಿಗುತ್ತದೆ. ಡಬ್ಬಿಯ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪ್ಸ್ ಅಂತ ಓದಿಕೊಂಡೇ ತಗೊಳ್ಳಿ, ಎಲ್ಲಾ ಮೆಶ್‌ಗಳೂ 12 ವೋಲ್ಟ್ ಅಲ್ಲ.

ಮಲೆನಾಡು, ಕರಾವಳಿಯವರು ಸಿಡಿಲನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಮನೆಯಿಂದ ಕೊಟ್ಟಿಗೆಗೋ ತೋಟದ ಮನೆಗೋ ಹೊರಗಡೆ ತಾಮ್ರದ ಲ್ಯಾನ್ ಕೇಬಲ್ ಎಳೆದರೆ, ಹತ್ತಿರ ಸಿಡಿಲು ಬಿದ್ದಾಗ ಎರಡೂ ತುದಿಯ ಪೋರ್ಟ್ ಸುಡಬಹುದು. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆಸಿ ಎರಡು ಕಡೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲ್‌ಗೆ ಜೋಡಿಸುವ ಡಬ್ಬಿ) ಹಾಕಿಸುವುದು ವಾಸಿ. ಗುಡುಗು ಶುರುವಾದಾಗ ಪ್ಲಗ್ ಕೀಳುವ ಅಮ್ಮನ ಅಭ್ಯಾಸ ಸರಿಯಾದದ್ದೇ. ಆದ್ದರಿಂದ ಡಬ್ಬಿಗಳನ್ನು ಅವರ ಕೈಗೆ ಸಿಗುವ ಕಡೆ ಇಟ್ಟಿದ್ದೇನೆ.

ಹಾಗಾದರೆ ನಿಮಗೆ ಯಾವುದು?

ಎರಡು ರೂಮಿನ ಬಾಡಿಗೆ ಫ್ಲ್ಯಾಟ್ ಆದರೆ ಬಾಕ್ಸ್ ಜಾಗ ಬದಲಿಸಿ ನೋಡಿ, ಸಾಲದಿದ್ದರೆ ಡ್ಯುಯಲ್ ಬ್ಯಾಂಡ್ ರಿಪೀಟರ್. ಮೂರು ಸಾವಿರದ ಮೇಲೆ ಖರ್ಚು ಬೇಡ. ಸ್ವಂತ ಮನೆ, ಎರಡು ಮೂರು ಮಹಡಿ, ಮನೆಯಿಂದಲೇ ಕೆಲಸ ಅಂದರೆ ಕೇಬಲ್ ಮತ್ತು ಎರಡನೇ ರೂಟರ್. ಮನೆ ತುಂಬ ಓಡಾಡಿಕೊಂಡೇ ಕಾಲ್ ಮಾಡುವವರಾದರೆ ಆ ಕೇಬಲ್ ತುದಿಗೆ ರೂಟರ್ ಬದಲು ಮೆಶ್. ಕೇಬಲ್ ಹೋಗದ ಹಳೆಯ ಮನೆ, ಉದ್ದ ಮನೆ, ವಯಸ್ಸಾದವರು ಮಾತ್ರ ಇರುವ ಮನೆ ಆದರೆ ಮೆಶ್ಶೇ ಸರಿ. ಕನೆಕ್ಷನ್ ಕೊಡುವ ಕೆಲವು ಕಂಪನಿಗಳು ತಿಂಗಳ ಬಾಡಿಗೆಗೆ ಮೆಶ್ ಕೊಡುತ್ತವೆ. ವರ್ಷಕ್ಕೆ ಎಷ್ಟಾಗುತ್ತದೆ ಅಂತ ಗುಣಿಸಿ ನೋಡಿ. ಒಂದು ವರ್ಷದೊಳಗೆ ಮನೆ ಬದಲಿಸುವವರಿಗೆ ಅದು ಲಾಭ, ಮೂರು ವರ್ಷ ಇರುವವರಿಗೆ ಕೊಂಡುಕೊಳ್ಳುವುದು ಲಾಭ.

ಮೆಶ್ ತಗೊಳ್ಳುವುದಾದರೆ ಮೂರರ ಪ್ಯಾಕ್‌ಗೆ ಹೋಗುವ ಮೊದಲು ಎರಡರದ್ದನ್ನು ತನ್ನಿ. ಹೆಚ್ಚಿನ ಮನೆಗಳಿಗೆ ಎರಡು ಸಾಕು, ಬೇಕಾದರೆ ಅದೇ ಮಾದರಿಯ ಒಂದನ್ನು ಆಮೇಲೆ ಸೇರಿಸಬಹುದು. ವಾಪಸ್ ಕೊಡುವ ಅವಕಾಶ ಇರುವ ಕಡೆಯೇ ಕೊಳ್ಳಿ. ತಂದ ದಿನವೇ ಆ್ಯಪ್ ಹಿಡಿದು, ಮೊದಲು ಅಳೆದ ಜಾಗಗಳಲ್ಲೇ ನಿಂತು, ಬಾಗಿಲು ಹಾಕಿಕೊಂಡು ಮತ್ತೆ ಅಳೆಯಿರಿ. ರಾತ್ರಿ ಎಲ್ಲರೂ ಮಲಗುವುದು ಬಾಗಿಲು ಹಾಕಿಕೊಂಡೇ ಅಲ್ವಾ? ಆ ಮೂಲೆ ರೂಮಿನಲ್ಲಿ −67ಕ್ಕಿಂತ ಚೆನ್ನಾಗಿ ಬರದಿದ್ದರೆ ಡಬ್ಬಿಯ ಜಾಗ ಬದಲಿಸಿ ಎರಡು ದಿನ ನೋಡಿ. ಆಗಲೂ ಬರದಿದ್ದರೆ ಬಿಲ್ ಹುಡುಕಿ ವಾಪಸ್ ಮಾಡಿ, ಎಲೆಕ್ಟ್ರಿಷಿಯನ್‌ಗೆ ಫೋನ್ ಹಚ್ಚಿ.